ರೋಟರ್ ಬ್ಲೇಡ್ ಪೇಟೆಂಟ್: "ತುದಿಯ ಹತ್ತಿರ" ಅಂದರೆ ಎಲ್ಲಿ?

ನಮ್ಮ ಹೆಲಿಕಾಪ್ಟರ್ ರೋಟರ್ ಬ್ಲೇಡಿನ ಪೇಟೆಂಟ್ ಅರ್ಜಿಗೆ "ಕ್ಲೇಮು ಸ್ಪಷ್ಟವಾಗಿಲ್ಲ" ಎಂಬ ಆಕ್ಷೇಪ ಬಂತು. ಕ್ಲೇಮು ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂದು ಹೇಳುವ ಸಾಲು. ಸಿಕ್ಕಿಬಿದ್ದ ಸಾಲು ಇದು: "ತುದಿಯ ಹತ್ತಿರ ಸಾಕಷ್ಟು ಹಿಂದಕ್ಕೆ ಬಾಗಿದ, ಶಬ್ದ ಕಡಿಮೆ ಮಾಡುವ ಬ್ಲೇಡ್."

"ಹತ್ತಿರ" ಸುಲಭವಾಗಿ ಬಗೆಹರಿಯಿತು. ರೋಟರ್ ತಿರುಗುವ ಅಕ್ಷದಿಂದ ಬ್ಲೇಡ್ ತುದಿಯವರೆಗಿನ ದೂರವನ್ನು ಆರ್ ಎಂದು ಹೇಳಿ, ಬಾಗು 0.92 ಆರ್‌ನಿಂದ ಶುರು ಎಂದು ಬರೆದೆ.

ತಲೆ ತಿಂದದ್ದು ಕೋನ. 25 ಡಿಗ್ರಿ ಅಂದರೆ ಸಾಲದು, ಯಾವ ಗೆರೆಯದ್ದು ಅಂತಲೂ ಹೇಳಬೇಕು ಅಲ್ವಾ? ತುದಿಯತ್ತ ಅಗಲ ಕಿರಿದಾಗುವ ಬ್ಲೇಡಿನಲ್ಲಿ ಮುಂದಿನ ಅಂಚಿನ ಕೋನವೇ ಬೇರೆ, ಕಾಲು-ಕಾರ್ಡ್ ಗೆರೆಯ (ಮುಂದಿನ ಅಂಚಿನಿಂದ ಅಗಲದ ಕಾಲು ಭಾಗ ಹಿಂದೆ ಸಾಗುವ ಗೆರೆ) ಕೋನವೇ ಬೇರೆ. ಕೊನೆಗೆ "ಪಿಚ್ ಅಕ್ಷಕ್ಕೂ ಕಾಲು-ಕಾರ್ಡ್ ಗೆರೆಗೂ ನಡುವಿನ ಕೋನ" ಎಂದು ಕಟ್ಟಿಹಾಕಿದೆ. ಪಿಚ್ ಅಕ್ಷ ಅಂದರೆ ಬ್ಲೇಡ್ ತನ್ನ ಓರೆ ಬದಲಿಸಲು ತಿರುಗುವ, ಉದ್ದಕ್ಕೆ ಸಾಗುವ ಗೆರೆ.

ಈ ಅಂಕಿಗಳನ್ನು ಈಗ ಸುಮ್ನೆ ಸೇರಿಸುವಂತಿಲ್ಲ. ಮೊದಲು ಸಲ್ಲಿಸಿದ ವಿವರಣೆಯಲ್ಲೋ ಚಿತ್ರಗಳಲ್ಲೋ ಇರಲೇಬೇಕು, ಇಲ್ಲದಿದ್ದರೆ ಹೊಸ ವಿಷಯ ತುರುಕಿದಂತೆ. ಪುಣ್ಯಕ್ಕೆ ನಮ್ಮ ವಿವರಣೆಯಲ್ಲಿದ್ದವು. "ಶಬ್ದ ಕಡಿಮೆ ಮಾಡುವ" ಅನ್ನುವುದನ್ನು ತೆಗೆದೆ. ಅದು ಫಲಿತಾಂಶ, ಆಕಾರವಲ್ಲ. "ಸದರಿ ಅಂಚು" ಎಂದಿದ್ದ ಕಡೆಯೆಲ್ಲ ಮುಂದಿನದೋ ಹಿಂದಿನದೋ ಬಿಡಿಸಿ ಬರೆದೆ.

ಸ್ಪಷ್ಟತೆಯ ಆಕ್ಷೇಪ ಹೋಯಿತು. ಹೊಸತನದ್ದು ಇನ್ನೂ ಇದೆ, ಅದು ಬೇರೆಯೇ ಜಗಳ.