ದಿಂಬಿನ ಮೇಲೆ ಒಂಟಿ ಕಾಲು: ಹೊಟ್ಟೆ, ಬೆನ್ನಿಗೆ ಕೆಲಸ ಕೊಡುವುದು ಹೇಗೆ?

ಮೆತ್ತನೆ ದಿಂಬಿನ ಮೇಲೆ ಬರಿಗಾಲಿನಲ್ಲಿ, ಒಂದೇ ಕಾಲಿನಲ್ಲಿ ನಿಂತವರ ಪಾದ ನೋಡಿ. ಬೆರಳುಗಳು ಬಟ್ಟೆಯನ್ನು ಕಚ್ಚಿ ಹಿಡಿಯುತ್ತವೆ, ಹರಡು ಒಳಗೂ ಹೊರಗೂ ವಾಲುತ್ತದೆ. ಇದು ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸ ಸೊಂಟದ ಸುತ್ತ ನಡೆಯುತ್ತಿರುತ್ತದೆ.

ಅಲ್ಲಿ ಮುಂದೆ ಸಿಕ್ಸ್ ಪ್ಯಾಕ್‌ನ ಉದ್ದ ಸ್ನಾಯು, ಪಕ್ಕದಲ್ಲಿ ಓರೆ ಸ್ನಾಯುಗಳು. ಎಲ್ಲಕ್ಕಿಂತ ಒಳಗೆ ಉಡಿದಾರದ ಹಾಗೆ ಸುತ್ತಿಕೊಂಡ ಅಡ್ಡ ಸ್ನಾಯು. ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡ ಮಲ್ಟಿಫಿಡಸ್ ಎಂಬ ಸ್ನಾಯು. ಜಿಮ್ಮಿನವರು ಕೋರ್ ಅನ್ನುವುದು ಇವುಗಳಿಗೇ. ಈ ಅಡ್ಡ ಸ್ನಾಯುವಿನ ಚುರುಕು ನನಗೆ ಈಗಲೂ ಬೆರಗು. ನೀವು ಕೈ ಎತ್ತುವಾಗ ಭುಜದ ಸ್ನಾಯುವಿಗಿಂತ ಮೊದಲೇ ಇದು ಬಿಗಿಯಾಗುತ್ತದೆ. ಬೆನ್ನುನೋವು ಇದ್ದವರಲ್ಲಿ ಇದು ತಡವಾಗುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ 1996ರಲ್ಲಿ ತೋರಿಸಿದರು.

ನೆಲೆ ಅಲುಗಾಡಿದರೆ ಎಷ್ಟು ವ್ಯತ್ಯಾಸ? ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ತಂಡ 8 ಗಂಡಸರ ಹೊಟ್ಟೆಗೆ ಇಎಂಜಿ, ಅಂದರೆ ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುವ ಪಟ್ಟಿ ಅಂಟಿಸಿ ಅಳೆಯಿತು. ಫಲಿತಾಂಶ ಪ್ರಕಟವಾಗಿದ್ದು 2000ರಲ್ಲಿ. ಗಟ್ಟಿ ಮೇಜಿನ ಮೇಲೆ ಮಲಗಿ ತಲೆ, ಭುಜ ಎತ್ತಿದಾಗ ಉದ್ದ ಸ್ನಾಯು ತನ್ನ ಗರಿಷ್ಠ ಶಕ್ತಿಯ ಸುಮಾರು ಶೇ 21ರಷ್ಟು ದುಡಿಯಿತು. ಗಾಳಿ ತುಂಬಿದ ದೊಡ್ಡ ಜಿಮ್ ಬಾಲ್ ಮೇಲೆ ಅದೇ ಶೇ 35. ಹೊರಗಿನ ಓರೆ ಸ್ನಾಯು ಶೇ 5ರಿಂದ 10ಕ್ಕೆ ಏರಿತು. ಉರುಳಿ ಬೀಳದಂತೆ ತಡೆಯುವುದೂ ಅದರ ಪಾಲಿಗೆ ಬಂತಲ್ವಾ, ಅದಕ್ಕೇ.

ಹಾಗಂತ ಮೊದಲ ದಿನವೇ ಬಾಲ್ ಹತ್ತಬೇಡಿ. ತಲೆಸುತ್ತು ಬರುವವರು, ಬಸುರಿಯರು, ಈಚೆಗೆ ಆಪರೇಷನ್ ಆದವರು, ನೋವು ಕಾಲಿಗೆ ಇಳಿಯುವವರು ವೈದ್ಯರನ್ನು ಕೇಳದೆ ಶುರು ಮಾಡಲೇಬಾರದು.

ಮೊದಲು ನೆಲ. ಅಂಗಾತ ಮಲಗಿ ಮಂಡಿ ಮಡಿಸಿ. ಸೊಂಟದ ಎರಡೂ ಬದಿಯ ಮೂಳೆಗಳಿಂದ ಎರಡು ಬೆರಳಷ್ಟು ಒಳಗೆ ಕೈಯಿಟ್ಟು ಮೆಲ್ಲಗೆ ಕೆಮ್ಮಿ. ಬೆರಳಿನ ಕೆಳಗೆ ಏನೋ ಬಿಗಿಯಾಯಿತೇ? ಅದನ್ನೇ ಈಗ ಕೆಮ್ಮದೆ, ಅರ್ಧದಷ್ಟು ಮಾತ್ರ ಬಿಗಿ ಮಾಡಿ. ಉಸಿರು ಆಡುತ್ತಿರಬೇಕು. ಹೊಟ್ಟೆಯನ್ನು ಒಳಗೆಳೆದು ಉಸಿರು ಕಟ್ಟಿದರೆ ಪ್ರಯೋಜನವಿಲ್ಲ. ಇದು ಕೈಗೆ ಹತ್ತಲು ಒಂದು ವಾರವಾದರೂ ಬೇಕು, ಅವಸರ ಮಾಡಬೇಡಿ.

ಆಮೇಲೆ ಗೋಡೆ ಕೈಗೆಟಕುವ ಹಾಗೆ ನಿಂತು ಬರೀ ನೆಲದ ಮೇಲೆ ಒಂಟಿ ಕಾಲು. 30 ಸೆಕೆಂಡ್ ಅಲುಗಾಡದೆ ನಿಂತರೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಳ್ಳಿ. ಅದೂ ಸಲೀಸಾದ ಮೇಲೆ ದಿಂಬು. ಕಣ್ಣಿನ ಮಟ್ಟದಲ್ಲಿ ಒಂದು ಗುರುತು ನೋಡುತ್ತಿರಿ. ಎತ್ತಿದ ಕಾಲಿನ ಕಡೆ ಸೊಂಟ ಕೆಳಗೆ ಜಾರಿತೋ, ಆ ಸಲಕ್ಕೆ ಅಷ್ಟೇ ಸಾಕು. ಕಣ್ಣು ಮುಚ್ಚುವುದು ತುಂಬಾ ಕಷ್ಟದ ಹಂತ, ಕೊನೆಗೆ ಇಟ್ಟುಕೊಳ್ಳಿ.

ಬಾಲ್ ಕೊಳ್ಳುವಾಗ ಕೂತು ನೋಡಿ. ತೊಡೆ ನೆಲಕ್ಕೆ ಸಮವಾಗಿದ್ದು ಪಾದ ಪೂರ್ತಿ ಊರಬೇಕು. ಮೊದಲು ಸುಮ್ನೆ ಕೂತು ಒಂದು ಹಿಮ್ಮಡಿ ಎತ್ತಿ, ಇಳಿಸಿ, ಇನ್ನೊಂದು ಎತ್ತಿ. ಬಾಲ್ ಮೇಲೆ ಜಾಸ್ತಿ ತೂಕದ ಡಂಬೆಲ್ ಮಾತ್ರ ಬೇಡ. ಕೆನಡಾದಲ್ಲೇ ನಡೆದು 2004ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಬಾಲ್ ಮೇಲೆ ಮಲಗಿ ಎದೆಯಿಂದ ಒತ್ತುವ ಬಲ ಬೆಂಚಿಗಿಂತ ಸುಮಾರು ಶೇ 60ರಷ್ಟು ಕಡಿಮೆಯಿತ್ತು. ಬಲ ಬೆಳೆಸಲು ಗಟ್ಟಿ ನೆಲವೇ ಸರಿ.

ಕೊನೆಯದು ಬಾಲ್ ಪ್ಲ್ಯಾಂಕ್. ಬಾಲನ್ನು ಗೋಡೆಗೆ ಒತ್ತಿಡಿ. ಮಂಡಿ ಚಾಪೆಯ ಮೇಲಿರಲಿ, ಮುಂಗೈಗಳನ್ನು ಬಾಲ್ ಮೇಲೆ ಊರಿ ಮುಂದಕ್ಕೆ ವಾಲಿ. ತಲೆಯಿಂದ ಮಂಡಿವರೆಗೆ ಒಂದೇ ಗೆರೆ. 10 ಸೆಕೆಂಡ್, ಮೂರು ಸಲ, ವಾರಕ್ಕೆ ಮೂರು ದಿನ. ಬೆನ್ನಿನ ಕೆಳಭಾಗ ತಗ್ಗಾಗಿ ಹೊಟ್ಟೆ ಜೋತುಬಿದ್ದ ಕೂಡಲೇ ಹಿಂದಕ್ಕೆ ಬಂದು ಹಿಮ್ಮಡಿಯ ಮೇಲೆ ಕೂತುಬಿಡಿ, 10 ಎಣಿಸಿ ಮುಗಿಯದಿದ್ದರೂ ಸರಿ.