ನರನೋವಿನ ಮಾತ್ರೆ, ಬಿಪಿ ಮಾತ್ರೆ: ಎರಡನ್ನೂ ಒಟ್ಟಿಗೆ ನೋಡುವ ಕೆಲಸ

ವಯಸ್ಸಾದ ಹೆಂಗಸರು ಪಾದದ ಉರಿ, ಜೋಮು, ಸರ್ಪಸುತ್ತು ವಾಸಿಯಾದ ಮೇಲೂ ಬಿಡದ ಚುಚ್ಚುನೋವು ಎಂದು ಬಂದಾಗ, ನಾನು ಮೊದಲು ಕೇಳುವುದು ಮಾತ್ರೆಗಳ ಚೀಲವನ್ನು. ಚೀಟಿ ಮಾತ್ರ ಸಾಲದು. ಬಿಪಿಗೆ ಒಬ್ಬ ವೈದ್ಯರು ಬರೆದಿರುತ್ತಾರೆ, ನರನೋವಿಗೆ ಇನ್ನೊಬ್ಬರು, ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದದ್ದು ಬೇರೆ. ಎಲ್ಲವನ್ನೂ ಮೇಜಿನ ಮೇಲೆ ಹರಡಿದಾಗಲೇ ಯಾವುದು ಯಾವುದಕ್ಕೆ ಅಡ್ಡ ಬರುತ್ತಿದೆ ಎಂಬುದು ಕಾಣುತ್ತದೆ.

ಆಮೇಲೆ ಮಲಗಿಸಿ, ನಿಲ್ಲಿಸಿ ಬಿಪಿ ನೋಡುತ್ತೇನೆ. ಐದು ನಿಮಿಷ ಮಲಗಿದ ಮೇಲೆ ಒಮ್ಮೆ, ನಿಂತ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಕುಳಿತಾಗ ಎಷ್ಟೇ ಇರಲಿ, ಬಿಪಿ ಮಾತ್ರೆ ಏರಿಸುವ ಮೊದಲು ಕಾರಣ ಹುಡುಕುತ್ತೇನೆ. ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇದ್ದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಎದ್ದು ನಿಂತಾಗ ರಕ್ತನಾಳಗಳು ಬಿಗಿಯಾಗಬೇಕು. ಈ ಔಷಧಿ ಅದನ್ನು ತಡೆಯುತ್ತದೆ. ಜೊತೆಗೆ ಬಿಪಿಯ ಪ್ರಜೋಸಿನ್ ಅಥವಾ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ಸೇರಿದರೆ ರಾತ್ರಿ ಮೂತ್ರಕ್ಕೆಂದು ಎದ್ದಾಗ ಕಣ್ಣು ಕತ್ತಲೆ ಬರುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಸವೆದವರು ಹಾಗೆ ಒಮ್ಮೆ ಬಿದ್ದರೆ ಸಾಕು, ಸೊಂಟ ಮುರಿಯಲು.

ನಾನು ಅತಿ ಹೆಚ್ಚು ಕಾಣುವ ತೊಡಕು ಕಾಲಿನ ಊತ. ಬಿಪಿಗೆ ಆಮ್ಲೋಡಿಪಿನ್, ಉರಿಗೆ ಪ್ರಿಗ್ಯಾಬಲಿನ್. ಎರಡೂ ಪಾದ ಊದಿಸುವ ಔಷಧಿಗಳೇ. "ಡಾಕ್ಟ್ರೇ, ಕಿಡ್ನಿ ಹೋಯ್ತಾ?" ಎಂದು ಗಾಬರಿಯಾಗಿ ಬಂದ ಅಮ್ಮನೊಬ್ಬರ ಚೀಲದಲ್ಲಿ ಈ ಎರಡರ ಜೊತೆ ಊತಕ್ಕೆಂದು ಯಾರೋ ಬರೆದ ಫ್ಯೂರೋಸೆಮೈಡ್ ಎಂಬ ನೀರಿನ ಮಾತ್ರೆ ಕೂಡ ಇತ್ತು. ಆಮ್ಲೋಡಿಪಿನ್‌ನ ಊತ ಮೈಯಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ, ಸಣ್ಣ ಅಪಧಮನಿಗಳು ಅಗಲವಾಗಿ ನೀರು ಹೊರಗೆ ಒಸರಿದ್ದು. ನೀರಿನ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಆದರೆ ತಲೆಸುತ್ತು ಮಾತ್ರ ಹೆಚ್ಚುತ್ತದೆ. ಹೃದಯ, ಮೂತ್ರಪಿಂಡ ಎರಡನ್ನೂ ಪರೀಕ್ಷಿಸಿ, ತೊಂದರೆಯಿಲ್ಲ ಎಂದು ಖಚಿತವಾದ ಮೇಲೆ ಒಂದೊಂದಾಗಿ ಬದಲಿಸಿದೆ: ಮೊದಲು ಫ್ಯೂರೋಸೆಮೈಡ್ ತೆಗೆದೆ, ಆಮೇಲೆ ಆಮ್ಲೋಡಿಪಿನ್ ಅರ್ಧಕ್ಕಿಳಿಸಿದೆ, ಕೊನೆಗೆ ಬಿಪಿಯದೇ ಇನ್ನೊಂದು ಮಾತ್ರೆ ಟೆಲ್ಮಿಸಾರ್ಟನ್ ಸೇರಿಸಿ, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಅಂಕಿ) ಮತ್ತು ಪೊಟ್ಯಾಸಿಯಂ ಮತ್ತೆ ನೋಡಿದೆ. ಊತ ಇಳಿಯಿತು; ಉರಿಯ ಮಾತ್ರೆಯನ್ನು ಮುಟ್ಟಬೇಕಾಗಲಿಲ್ಲ. ಒಂದೇ ಕಾಲು ಊದಿ ನೋಯುತ್ತಿದ್ದರೆ ಮಾತ್ರ ಲೆಕ್ಕವೇ ಬೇರೆ. ಅದು ರಕ್ತ ಹೆಪ್ಪುಗಟ್ಟಿದ್ದೂ ಇರಬಹುದು, ಅಂದೇ ತೋರಿಸಬೇಕು.

ನರನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಎರಡೂ ಮೂತ್ರಪಿಂಡದ ಮೂಲಕವೇ ಹೊರಹೋಗುತ್ತವೆ. ಸಣ್ಣ ಮೈಯ ಹೆಂಗಸರಲ್ಲಿ ಕ್ರಿಯಾಟಿನಿನ್ ಅಂಕಿ ನಂಬಿಸಿ ಮೋಸ ಮಾಡುತ್ತದೆ. 76 ವರ್ಷ, 48 ಕಿಲೋ ತೂಕ, ಕ್ರಿಯಾಟಿನಿನ್ 1.0 ಎಂದರೆ ವರದಿಯಲ್ಲಿ 'ಸರಿಯಾಗಿದೆ' ಎಂದೇ ಬರುತ್ತದೆ. ವಯಸ್ಸು, ತೂಕ ಹಿಡಿದು ಲೆಕ್ಕ ಹಾಕಿದರೆ ಸೋಸುವ ಶಕ್ತಿ ನಿಮಿಷಕ್ಕೆ ಸುಮಾರು 36 ಮಿಲಿಲೀಟರ್. ಅಂಥವರಿಗೆ ಸಾಮಾನ್ಯ ಪ್ರಮಾಣದ ಅರ್ಧದಷ್ಟೇ ಮಿತಿ. ನಾನು ರಾತ್ರಿ 25 ಮಿಲಿಗ್ರಾಂ ಪ್ರಿಗ್ಯಾಬಲಿನ್‌ನಿಂದ ಶುರುಮಾಡುತ್ತೇನೆ. ಅಂಗಡಿಯಿಂದ ತಂದ ನೋವಿನ ಮಾತ್ರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇದ್ದರೆ ಮೊದಲು ಅದನ್ನು ಬಿಡಿಸುತ್ತೇನೆ. ನರನೋವಿಗೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ, ಬಿಪಿಯನ್ನಂತೂ ಏರಿಸುತ್ತವೆ. ಟೆಲ್ಮಿಸಾರ್ಟನ್, ನೀರಿನ ಮಾತ್ರೆಗಳ ಜೊತೆ ಸೇರಿದರೆ ಮೂತ್ರಪಿಂಡ ಹಠಾತ್ತನೆ ಕೈಕೊಡಬಹುದು.

ನರನೋವಿಗೆ ಡ್ಯುಲೋಕ್ಸೆಟಿನ್ ಒಳ್ಳೆಯ ಔಷಧಿಯೇ. ಆದರೆ ಅದು ಬಿಪಿಯನ್ನು ಸ್ವಲ್ಪ ಏರಿಸಬಹುದು, ನಿಂತಾಗ ಇಳಿಸಲೂಬಹುದು. ಕ್ಲೋರ್ತಾಲಿಡೋನ್‌ನಂಥ ನೀರಿನ ಮಾತ್ರೆಯ ಜೊತೆ ಕೊಟ್ಟಾಗ ಸೋಡಿಯಂ ಕುಸಿಯುವ ಭಯ ವಯಸ್ಸಾದ ಹೆಂಗಸರಲ್ಲೇ ಹೆಚ್ಚು. ಮಂಕು, ವಾಕರಿಕೆ, ನಡಿಗೆಯಲ್ಲಿ ತಡವರಿಕೆ ಕಂಡರೆ 'ವಯಸ್ಸಾಯ್ತು' ಎಂದು ಬಿಡಬೇಡಿ, ಸೋಡಿಯಂ ನೋಡಿಸಿ. ನಾಡಿ ನಿಧಾನಗೊಳಿಸುವ ಬಿಪಿ ಮಾತ್ರೆ ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಲ್ಲಿ ಡ್ಯುಲೋಕ್ಸೆಟಿನ್ ಅದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಅದಕ್ಕೇ ನಾಡಿ ಎಣಿಸದೆ ಅವರನ್ನು ಕಳಿಸುವುದಿಲ್ಲ.

ಮುಖದ ನರಶೂಲೆಗೆ ಕೊಡುವ ಕಾರ್ಬಮಜೆಪಿನ್ ಆಮ್ಲೋಡಿಪಿನ್‌ನ ಬಲ ಕುಗ್ಗಿಸುತ್ತದೆ. ಬಿಪಿಗೆ ವೆರಪಮಿಲ್ ಅಥವಾ ಡಿಲ್ಟಿಯಾಜೆಮ್ ಇದ್ದರೆ ರಕ್ತದಲ್ಲಿ ಕಾರ್ಬಮಜೆಪಿನ್ ಮಟ್ಟವೇ ಏರಿ ತೂರಾಡಿಸುತ್ತದೆ. ಇಂಥವರ ಬಿಪಿ ಮಾತ್ರೆಯನ್ನು ಮರುಚಿಂತನೆ ಮಾಡಲೇಬೇಕು.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ ಔಷಧಿ. ಎರಡನ್ನು ಒಟ್ಟಿಗೆ ಬದಲಿಸಿದರೆ ತಲೆಸುತ್ತು ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಮನೆಯವರಿಗೆ ಕುಳಿತು, ನಿಂತು ಬಿಪಿ ಬರೆದಿಡಲು ಹೇಳುತ್ತೇನೆ. ಊತ, ಮಂಪರು ಕಂಡಿತೆಂದು ಪ್ರಿಗ್ಯಾಬಲಿನ್, ಡ್ಯುಲೋಕ್ಸೆಟಿನ್, ಮೆಟೊಪ್ರೊಲಾಲ್‌ಗಳನ್ನು ತಾವಾಗಿ ಥಟ್ಟನೆ ನಿಲ್ಲಿಸಬಾರದು. ಇವನ್ನು ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ಇಳಿಸಬೇಕು.