ಪಿಕ್ಸೆಲ್ ಆರ್ಟಾ, ಲೋ-ಪಾಲಿನಾ? ಎರಡರಲ್ಲೂ ಗೇಮ್ ಮಾಡಿದ ನನ್ನ ಅನುಭವ

ನಾನು ಒಬ್ಬನೇ ಕೂತು ಎರಡು ಸಣ್ಣ ಗೇಮ್ ಮಾಡಿದ್ದೇನೆ. ಮೊದಲನೆಯದು ಪಿಕ್ಸೆಲ್ ಆರ್ಟ್ (ಚುಕ್ಕೆ ಚುಕ್ಕೆ ಇಟ್ಟು ಬರೆಯುವ ಚಿತ್ರ), ಪಕ್ಕದಿಂದ ನೋಡುವ ಪ್ಲಾಟ್‌ಫಾರ್ಮರ್, ಅಂದರೆ ಜಿಗಿಯುತ್ತಾ ಮುಂದೆ ಸಾಗುವ ಆಟ. ಎರಡನೆಯದು ಖಾಲಿ ಹಾಸ್ಟೆಲ್ ಒಂದರಲ್ಲಿ ರಾತ್ರಿ ಓಡಾಡುವ ಆಟ, ಮೊದಲ ಪ್ಲೇಸ್ಟೇಷನ್ ಕಾಲದ ಲೋ-ಪಾಲಿ ಶೈಲಿಯದು, ಅಂದರೆ ಕೆಲವೇ ತ್ರಿಕೋನಗಳಿಂದ ಕಟ್ಟಿದ ತ್ರೀಡಿ. ಯಾವುದು ಸುಲಭ ಅಂತ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಆಟದಲ್ಲಿ ಕ್ಯಾಮೆರಾ ಎಲ್ಲಿರುತ್ತದೆ?

ಪಕ್ಕದ ನೋಟವಾದರೆ ಪಾತ್ರ ಬಲಕ್ಕೆ ನಡೆಯುವುದನ್ನು ಬರೆದರೆ ಸಾಕು, ಎಡಕ್ಕೆ ಅದನ್ನೇ ತಿರುಗಿಸಿಕೊಳ್ಳಬಹುದು. ಅಲ್ಲಿ ಪಿಕ್ಸೆಲ್ ಆರ್ಟ್‌ಗೆ ಸಾಟಿಯಿಲ್ಲ. ಆದರೆ ಪಾತ್ರ ಎಂಟು ದಿಕ್ಕಿಗೂ ನಡೆಯಬೇಕು ಅಂದರೆ, ದಿಕ್ಕಿಗೆ 6 ಫ್ರೇಮ್ ಅಂದುಕೊಂಡು, ಮೂರು ದಿಕ್ಕನ್ನು ತಿರುಗಿಸಿ ಉಳಿಸಿಕೊಂಡ ಮೇಲೂ 30 ಚಿತ್ರ ಬೇಕು. ಅದು ನಡಿಗೆಗೆ ಮಾತ್ರ. ಆಮೇಲೆ ಯಾವಾಗಲೋ ಪಾತ್ರದ ಹೆಗಲಿಗೆ ಒಂದು ಬ್ಯಾಗ್ ಬೇಕು ಅನ್ನಿಸಿದರೆ ಎಲ್ಲ ಚಿತ್ರವನ್ನೂ ಮತ್ತೆ ಮುಟ್ಟಬೇಕು. ಲೋ-ಪಾಲಿಯಲ್ಲಿ ಆ ಬ್ಯಾಗನ್ನು ಬೆನ್ನಿನ ಬೋನ್‌ಗೆ (ಪಾತ್ರವನ್ನು ಅಲ್ಲಾಡಿಸುವ ಒಳಗಿನ ಮೂಳೆ) ಸೇರಿಸಿದರೆ ಮುಗಿಯಿತು. ಅದರ ಕಷ್ಟ ಎಲ್ಲ ಶುರುವಿನಲ್ಲಿ: ಮಾಡೆಲ್ (ತ್ರೀಡಿ ಆಕಾರ), ಯುವಿ (ಅದರ ಮೇಲೆ ಚಿತ್ರ ಎಲ್ಲಿ ಕೂರಬೇಕು ಅನ್ನುವ ನಕ್ಷೆ), ರಿಗ್ (ಬೋನ್‌ಗಳ ಜೋಡಣೆ). ಅದೊಂದು ದಾಟಿದರೆ ಹೊಸ ಚಲನೆ ಬೇಗ ಬರುತ್ತದೆ.

ಪ್ಲಾಟ್‌ಫಾರ್ಮರ್‌ಗೆ ನಾನು 320x180 ಪಿಕ್ಸೆಲ್‌ನ ಪರದೆ ಆರಿಸಿದೆ. ಸೆಲೆಸ್ಟ್ (2018) ಕೂಡ ಇದೇ ಅಳತೆಯದು. ಎತ್ತರದ 180ನ್ನು 4ರಿಂದ ಗುಣಿಸಿದರೆ 720, 6ರಿಂದ ಗುಣಿಸಿದರೆ 1080, ಎರಡೂ ಈಗಿನ ಪರದೆಗಳ ಎತ್ತರ, ಹಾಗಾಗಿ ಎಲ್ಲ ಪಿಕ್ಸೆಲ್ ಒಂದೇ ಗಾತ್ರದಲ್ಲಿ ಕಾಣುತ್ತದೆ. ಒಂದೇ ಪರದೆಯಲ್ಲಿ ದೊಡ್ಡ ಪಿಕ್ಸೆಲ್, ಸಣ್ಣ ಪಿಕ್ಸೆಲ್ ಬೆರೆತರೆ ನನಗೆ ಸಹಿಸೋಕಾಗಲ್ಲ. ಹಳೆಯ ಯಂತ್ರದ ಮಿತಿಗಳನ್ನೆಲ್ಲ ಹೊರಬೇಕಾಗಿಲ್ಲ. ಶವಲ್ ನೈಟ್ (2014) ನೋಡಿ, 8-ಬಿಟ್ ನಿಂಟೆಂಡೊ ತರಹವೇ ಕಾಣುತ್ತದೆ, ಆದರೆ ಒಂದು ಸಾಲಿನಲ್ಲಿ 8ಕ್ಕಿಂತ ಜಾಸ್ತಿ ಸ್ಪ್ರೈಟ್ (ಚಲಿಸುವ ಪುಟ್ಟ ಚಿತ್ರ) ಬಂದಾಗ ಆ ಯಂತ್ರದಲ್ಲಿ ಆಗುತ್ತಿದ್ದ ಮಿನುಗಾಟ ಅದರಲ್ಲಿ ಇಲ್ಲ. ಪರದೆಯೂ ಅಗಲ.

ಲೋ-ಪಾಲಿಯಲ್ಲಿ ಯಾವ ಮಿತಿ ಇಟ್ಟುಕೊಳ್ಳಬೇಕು ಅನ್ನೋದೇ ಅರ್ಧ ಕೆಲಸ. 1994ರಲ್ಲಿ ಬಂದ ಪ್ಲೇಸ್ಟೇಷನ್‌ಗೆ ಡೆಪ್ತ್ ಬಫರ್ (ಯಾವುದು ಮುಂದೆ, ಯಾವುದು ಹಿಂದೆ ಅಂತ ಪಿಕ್ಸೆಲ್‌ಗೆ ಪಿಕ್ಸೆಲ್ ನೆನಪಿಡುವ ಜಾಗ) ಇರಲಿಲ್ಲ. ಶೃಂಗಬಿಂದುಗಳು (ತ್ರಿಕೋನಗಳ ಮೂಲೆಗಳು) ಪರದೆಯ ಮೇಲೆ ಪೂರ್ಣ ಪಿಕ್ಸೆಲ್‌ಗೇ ಕೂರಬೇಕಿತ್ತು, ಅದಕ್ಕೇ ಕ್ಯಾಮೆರಾ ನಿಧಾನ ಸರಿದಾಗ ಗೋಡೆಗಳು ನಡುಗುತ್ತವೆ. ಟೆಕ್ಸ್ಚರ್ (ಆಕಾರದ ಮೇಲೆ ಅಂಟಿಸುವ ಚಿತ್ರ) ಹಚ್ಚುವಾಗ ದೂರದ ಲೆಕ್ಕ ಹಿಡಿಯುತ್ತಿರಲಿಲ್ಲ, ಅದಕ್ಕೇ ಹತ್ತಿರ ಹೋದರೆ ನೆಲದ ಟೈಲ್ಸ್ ಸೊಟ್ಟಗಾಗುತ್ತದೆ. ನಿಂಟೆಂಡೊ 64ರ (1996) ಮಿತಿಯೇ ಬೇರೆ. ಅದರಲ್ಲಿ ಡೆಪ್ತ್ ಬಫರ್ ಇತ್ತು, ಟೆಕ್ಸ್ಚರ್ ಸೊಟ್ಟಗಾಗುತ್ತಿರಲಿಲ್ಲ, ಆದರೆ ಟೆಕ್ಸ್ಚರ್ ಮೆಮೊರಿ ಬರೀ 4 ಕಿಲೋಬೈಟ್, ಅದಕ್ಕೇ ಎಲ್ಲ ಮಸುಕು. ಈ ಎರಡನ್ನೂ ಸುಮ್ನೆ ಬೆರೆಸಿ ರೆಟ್ರೋ ಅಂದರೆ ಆ ಕಾಲದ ಆಟ ಆಡಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಗೊಡೋ ಅನ್ನುವ ಗೇಮ್ ಎಂಜಿನ್‌ನಲ್ಲಿ ಈ ನಡುಕ ತರಲು ವರ್ಟೆಕ್ಸ್ ಶೇಡರ್‌ನಲ್ಲಿ (ಶೃಂಗಗಳ ಜಾಗ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ಸ್ಥಾನವನ್ನು ಪರದೆಯ ಗ್ರಿಡ್‌ಗೆ ರೌಂಡ್ ಮಾಡಿದರೆ ಸಾಕು, ನಾಲ್ಕೈದು ಸಾಲಿನ ಕೋಡ್. ನಾನು ಅದನ್ನು ಕಡಿಮೆ ಇಟ್ಟೆ, ಪೂರ್ತಿ ಆಫ್ ಮಾಡುವ ಆಯ್ಕೆಯನ್ನೂ ಕೊಟ್ಟೆ, ಯಾಕೆಂದರೆ ಅರ್ಧ ಗಂಟೆ ಆಡಿದರೆ ಕೆಲವರಿಗೆ ತಲೆನೋವು ಬರುತ್ತದೆ. ಸೊಟ್ಟ ಟೆಕ್ಸ್ಚರ್ ಬೇಕು ಅನ್ನಿಸಿತು, ಆದರೆ ಅದು ಅತಿಯಾಗಬಾರದು ಅಂತ ದೊಡ್ಡ ಗೋಡೆಗಳನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡೆದುಕೊಂಡೆ. ಆಗಿನವರೂ ಹಾಗೇ ಮಾಡುತ್ತಿದ್ದರು. ಬೆಳಕಿಗೆ ರಿಯಲ್-ಟೈಮ್ ಲೈಟ್ (ಆಡುವಾಗಲೇ ಲೆಕ್ಕ ಹಾಕುವ ಬೆಳಕು) ಬಳಸಲೇ ಇಲ್ಲ. ತ್ರೀಡಿ ಮಾಡೆಲ್ ಮಾಡುವ ಬ್ಲೆಂಡರ್‌ನಲ್ಲಿ ಶೃಂಗಗಳಿಗೇ ಬಣ್ಣ ಹಚ್ಚಿದೆ: ಕಿಟಕಿ ಪಕ್ಕ ನೀಲಿ, ಟ್ಯೂಬ್‌ಲೈಟ್ ಕೆಳಗೆ ತಿಳಿ ಹಸಿರು, ಕಾರಿಡಾರ್ ತುದಿಯಲ್ಲಿ ಕಪ್ಪು. ಆ ಹಾಸ್ಟೆಲ್‌ನ ಭಯ ಎಲ್ಲ ಈ ಬಣ್ಣದಿಂದಲೇ ಬಂದಿದ್ದು, ಶೇಡರ್‌ನಿಂದ ಅಲ್ಲ.

ಮತ್ತೆ, ಪಿಕ್ಸೆಲ್ ಆರ್ಟ್ ಕಲಿತದ್ದು ಇಲ್ಲೂ ಪೂರ್ತಿ ಉಪಯೋಗಕ್ಕೆ ಬಂತು. 64x64 ಟೆಕ್ಸ್ಚರ್‌ನಲ್ಲಿ ಕಣ್ಣು, ಅಂಗಿಯ ಗುಂಡಿ, ತುಕ್ಕು ಹಿಡಿದ ಬಾಗಿಲು ಎಲ್ಲವನ್ನೂ ಪಿಕ್ಸೆಲ್ ಚಿತ್ರ ಬರೆಯುವ ಏಸ್‌ಸ್ಪ್ರೈಟ್‌ನಲ್ಲಿ ಒಂದೊಂದೇ ಚುಕ್ಕೆ ಇಟ್ಟು ಬರೆಯಬೇಕು. ಫೋಟೋವನ್ನು ಸಣ್ಣದು ಮಾಡಿ ಅಂಟಿಸಿದರೆ ಕಲಸಿದ ಹಾಗೆ ಕಾಣುತ್ತದೆ.

ಇನ್ನು ಕನ್ನಡ ಅಕ್ಷರ. ಇಂಗ್ಲಿಷ್‌ಗೆ 8x8 ಚೌಕ ಸಾಕು. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಬೇಕು. ‘ಲಕ್ಷ್ಮಿ’ ಅಂತ ಬರೆದರೆ ಒಂದು ಒತ್ತಿನ ಜೊತೆಗೆ ಇನ್ನೊಂದು ಒತ್ತು. ನನಗೆ ಒಂದು ಸಾಲಿಗೆ 20 ಪಿಕ್ಸೆಲ್ ಬೇಕಾಯಿತು, ಅಂದರೆ ಮೂರು ಸಾಲಿನ ಮಾತು 180ರಲ್ಲಿ ಮೂರನೇ ಒಂದು ಭಾಗ ನುಂಗುತ್ತದೆ. ಪ್ಲಾಟ್‌ಫಾರ್ಮರ್‌ನಲ್ಲಿ ಮಾತನ್ನು ಎರಡು ಸಾಲಿಗೆ ಇಳಿಸಿ, ಚೌಕಗಳಿಂದಲೇ ಟಿಟಿಎಫ್ ಫಾಂಟ್ (ಅಕ್ಷರ ಜೋಡಿಸುವ ನಿಯಮವನ್ನೂ ಇಡಬಹುದಾದ ಫಾಂಟ್ ಫೈಲ್) ಕಟ್ಟಿಕೊಂಡೆ. ಅಕ್ಷರಗಳ ಬರೀ ಚಿತ್ರ ಇರುವ ಸಾದಾ ಬಿಟ್‌ಮ್ಯಾಪ್ ಫಾಂಟ್‌ನಲ್ಲಿ ಒತ್ತಕ್ಷರ ಜೋಡಿಸುವ ನಿಯಮ ಇಡಲು ಆಗುವುದಿಲ್ಲ. ಹಾಸ್ಟೆಲ್ ಆಟದಲ್ಲಿ ತ್ರೀಡಿ ದೃಶ್ಯ ಮಾತ್ರ 320x180ರಲ್ಲಿ ಮೂಡುತ್ತದೆ, ಅಕ್ಷರ ಪರದೆಯ ಪೂರ್ತಿ ರೆಸಲ್ಯೂಷನ್‌ನಲ್ಲಿ ಅದರ ಮೇಲೆ ಕೂರುತ್ತದೆ. ಪಿಕ್ಸೆಲ್ ಆಟದಲ್ಲಿ ಹೀಗೆ ಮಾಡಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು, ಇಲ್ಲಿ ಹಾಗನ್ನಿಸಲ್ಲ. ಇದನ್ನು ಮಾಡೋದಾದರೆ ಗೊಡೋ 4 ಅಥವಾ ಅದರ ನಂತರದ ಆವೃತ್ತಿಯೇ ತಗೊಳ್ಳಿ, 3ರಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬರುತ್ತವೆ.